ಯಾರ್ಕ್ ಮ್ಯೂಸಿಯಂನ ಬುಲೆಟ್ ಟ್ರೈನ್ 1976ರದ್ದಂತೆ. ಹಾಗಾದರೆ 1964ರ ರೈಲು ಎಲ್ಲಿ ಹೋಯ್ತು?

ಕಿಟಕಿಸೀಟು:
ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ಅಮ್ಮನನ್ನು ಕರೆದುಕೊಂಡು ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂಗೆ ಹೋಗಿದ್ದೆ. ಅಮ್ಮ ಊರಿಂದ ಬಂದು ಮೂರು ವಾರ ಆಯ್ತು, ಮನೆಯಲ್ಲೇ ಕೂತು ಬೇಜಾರಾಗಿತ್ತು. ಅಲ್ಲಿ ಇಂಗ್ಲೆಂಡಿನ ಹಳೇ ಉಗಿ ಇಂಜಿನ್‌ಗಳ ನಡುವೆ ಜಪಾನಿನ ಶಿಂಕಾನ್ಸೆನ್ ಡಬ್ಬಿ ಒಂದಿದೆ. ಬಿಳಿ ಮೈ, ನೀಲಿ ಪಟ್ಟಿ, ಗುಂಡು ಮೂಗು. ಅಮ್ಮ ನೋಡಿದ ಕೂಡಲೇ "ಇದೇನೋ, ವಿಮಾನದ ರೆಕ್ಕೆ ಕಿತ್ತು ಹಳಿ ಮೇಲೆ ಇಟ್ಟಿದ್ದಾರಾ?" ಅಂದರು.

ಫಲಕದಲ್ಲಿ ನಂಬರ್ 22-141, ಕಟ್ಟಿದ್ದು 1976 ಅಂತ ಇತ್ತು. ನನಗೆ ಗೊತ್ತಿರುವ ಹಾಗೆ ಬುಲೆಟ್ ಟ್ರೈನ್ ಶುರುವಾಗಿದ್ದು 1964ರಲ್ಲಿ. ಹನ್ನೆರಡು ವರ್ಷ ಆದ ಮೇಲೂ ಅದೇ ಮೂಗು, ಅದೇ ಬಣ್ಣದ ರೈಲನ್ನೇ ಕಟ್ಟುತ್ತಿದ್ದರಾ? ಅಥವಾ ಹಳೇದು ಉಳಿದಿಲ್ಲ ಅಂತ ಇದನ್ನು ಕೊಟ್ಟು ಕಳಿಸಿದರಾ? ಗೊತ್ತಿದ್ದವರು ಹೇಳಿ.

ಅರಸೀಕೆರೆ_ಜಂಕ್ಷನ್:
ನಿಮ್ಮ ಎರಡು ಪ್ರಶ್ನೆಗೂ ಹೌದು ಅನ್ನಬಹುದು :) ಈ ಮಾದರಿಯನ್ನು 1964ರಿಂದ 1986ರವರೆಗೆ ಕಟ್ಟಿದರು. ಒಟ್ಟು 3,216 ಡಬ್ಬಿ. ಮೊದಲ ದಿನಕ್ಕೆ ಬೇಕಾಗಿದ್ದು 12 ಡಬ್ಬಿಯ 30 ರೇಕ್ (ಡಬ್ಬಿ ಜೋಡಿಸಿದ ಪೂರ್ತಿ ರೈಲು), ಅಂದರೆ 360 ಡಬ್ಬಿ ಅಷ್ಟೇ. ಆ 360ರಲ್ಲಿ ಹೆಚ್ಚಿನವು 70ರ ದಶಕ ಮುಗಿಯೋಕೆ ಮುಂಚೆಯೇ ಗುಜರಿಗೆ ಹೋದವು. ಅವುಗಳ ಜಾಗಕ್ಕೆ ಬಂದಿದ್ದು ನೋಡೋಕೆ ಹಾಗೇ ಇರುವ ಹೊಸ ಡಬ್ಬಿಗಳು. ನಿಮ್ಮ 22-141 ಹಾಗೆ ನಡುವಿನಲ್ಲಿ ಬಂದದ್ದು. ಅದನ್ನು ಜಪಾನಿನ ರೈಲ್ವೆ ಕಂಪನಿ ಜೆಆರ್ ವೆಸ್ಟ್‌ನವರು 2001ರಲ್ಲಿ ಯಾರ್ಕ್‌ಗೆ ದಾನ ಕೊಟ್ಟರು.

ನಂಬರ್ ಓದೋದು ಸುಲಭ. ಮೊದಲ 2 ಅಂದರೆ ಸಾಮಾನ್ಯ ದರ್ಜೆ. 1 ಇದ್ದರೆ ಮೇಲಿನ ದರ್ಜೆ, 3 ಇದ್ದರೆ ತಿಂಡಿ-ಊಟದ ಡಬ್ಬಿ. ಎರಡನೇ 2 ಅಂದರೆ ಟೋಕಿಯೊ ಕಡೆಯ ಚಾಲಕನ ಕೋಣೆ ಇರುವ ಡಬ್ಬಿ. ಒಸಾಕಾ ಕಡೆ ತುದಿಯದ್ದು 21. ಹಾಗಾಗಿ ನೀವು ನೋಡಿದ್ದು ಟೋಕಿಯೊ ಕಡೆ ಮುಖ ಮಾಡಿದ್ದ 141ನೇ ಡಬ್ಬಿ. ಜೋಡಿ 21-141 ಈಗ ಶಿಕೋಕು ದ್ವೀಪದ ಸೈಜೊ ಊರಿನ ಮ್ಯೂಸಿಯಂನಲ್ಲಿದೆ. ಗಂಡ ಒಂದು ಖಂಡದಲ್ಲಿ, ಹೆಂಡತಿ ಇನ್ನೊಂದು ಖಂಡದಲ್ಲಿ!

ಇನ್ನೊಂದು ತಮಾಷೆ. ಶುರುವಾದಾಗ ಇದಕ್ಕೆ "0 ಸರಣಿ" ಅನ್ನುವ ಹೆಸರೇ ಇರಲಿಲ್ಲ. ಇದ್ದಿದ್ದೇ ಒಂದು ಬಗೆಯ ರೈಲು, ಬೇರೆ ಹೆಸರು ಯಾಕೆ ಬೇಕು? ಮುಂದೆ 200 ಸರಣಿ ಬಂತು, ಅದರ ಡಬ್ಬಿಗಳು 221-1 ಅಂತ ಮೂರಂಕಿಯಲ್ಲಿ ಶುರುವಾದವು. ಹಳೇದರಲ್ಲಿ ನೂರರ ಸ್ಥಾನ ಖಾಲಿ. ಅದಕ್ಕೇ ಅದು ಸೊನ್ನೆ ಸರಣಿ ಆಯ್ತು.

ಸುಮ್ನೆ_ಕೇಳ್ದೆ:
ಗುರುಗಳೇ, ಒಂದು ಅನುಮಾನ. ಜಪಾನಿನವರು ಅಷ್ಟು ಗಟ್ಟಿ ಕೆಲಸಗಾರರು ಅಂತೀವಿ. ಹನ್ನೆರಡು-ಹದಿನೈದು ವರ್ಷಕ್ಕೇ ಡಬ್ಬಿ ಗುಜರಿಗೆ ಹೋಯ್ತು ಅಂದರೆ ಗಟ್ಟಿ ಎಲ್ಲಿ ಬಂತು? ನಮ್ಮ ನೀಲಿ ಡಬ್ಬಿಗಳು ನಾನು ಹುಟ್ಟೋಕೆ ಮುಂಚಿನವು, ಇನ್ನೂ ಓಡುತ್ತಾ ಇವೆ.

ವರ್ಕ್‌ಶಾಪ್_ಅಜ್ಜ:
ತಮ್ಮಾ, ನಾನು ಮೂವತ್ತು ಚಿಲ್ಲರೆ ವರ್ಷ ಡಬ್ಬಿ ರಿಪೇರಿಯಲ್ಲೇ ಇದ್ದವನು. ಮೊದಲು ಒಂದು ಮಾತು. ನೀವೆಲ್ಲ "ಬೋಗಿ" ಅಂತ ಇಡೀ ಡಬ್ಬಿಗೆ ಹೇಳುತ್ತೀರಿ. ವರ್ಕ್‌ಶಾಪ್‌ನಲ್ಲಿ ಬೋಗಿ ಅಂದರೆ ಕೆಳಗಿನ ಗಾಲಿ ಕೂರಿಸಿದ ಚೌಕಟ್ಟು ಮಾತ್ರ. ಮುಂದೆ ನಾನು ಬೋಗಿ ಅಂದರೆ ಅದೇ ಅಂತ ತಿಳಿಯಿರಿ.

ನಮ್ಮ ಹಳೇ ಐಸಿಎಫ್ (ಚೆನ್ನೈ ಕಾರ್ಖಾನೆಯ) ಡಬ್ಬಿಗೆ 25 ವರ್ಷ ಆಯುಸ್ಸು ಅಂತ ಲೆಕ್ಕ. ಅದರ ಶತ್ರು ತುಕ್ಕು. ಡಬ್ಬಿ ಒಳಗೆ ಬಂದರೆ ನಾವು ಮೊದಲು ಸುತ್ತಿಗೆ ಹಿಡಿದು ಹೋಗುತ್ತಿದ್ದದ್ದು ಪಾಯಿಖಾನೆ ಕೆಳಗೆ. ಬಡಿದರೆ ಟಣ್ ಅನ್ನಬೇಕು. ದೊಬ್ ಅಂದರೆ ತಗಡು ಹೋಯ್ತು ಅಂತ ಅರ್ಥ. ಕೊಯ್ದು ಹೊಸ ತಗಡು ಬೆಸುಗೆ ಹಾಕಿದರೆ ಮತ್ತೆ ಓಡುತ್ತದೆ.

ಈ ಜಪಾನಿನ ಡಬ್ಬಿಗೆ ಶತ್ರು ಬೇರೆ. ಅದೂ ಉಕ್ಕಿನದ್ದೇ, ಆದರೆ ಗಾಳಿ ಆಡದ ಹಾಗೆ ಮುಚ್ಚಿದ ಡಬ್ಬಿ. 200 ಕಿಮೀ ವೇಗದಲ್ಲಿ ಸುರಂಗಕ್ಕೆ ನುಗ್ಗಿದಾಗ ಹೊರಗಿನ ಒತ್ತಡ ಒಮ್ಮೆಲೇ ಬದಲಾಗುತ್ತದೆ. ಒಳಗಿನದು ಹಾಗೇ ಇರುತ್ತದೆ. ಮೈ ಉಬ್ಬುತ್ತದೆ, ಕುಗ್ಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ದಿನಕ್ಕೆ ಹತ್ತಾರು ಸುರಂಗ, ವರ್ಷಕ್ಕೆ ಎಷ್ಟು ಸಲ ಅಂತ ನೀನೇ ಲೆಕ್ಕ ಹಾಕು. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಕೊನೆಗೆ ಪಟ್ ಅಂತ ಮುರಿಯುತ್ತದಲ್ಲ, ಹಾಗೆ ಲೋಹ ದಣಿಯುತ್ತದೆ. ಮೂಲೆಗಳು, ಕಿಟಕಿ ಚೌಕಟ್ಟು, ಬೆಸುಗೆ ಹಾಕಿದ ಜಾಗ ಮೊದಲು. ಅದಕ್ಕೆ ತೇಪೆ ಹಾಕುತ್ತಾ ಕೂರೋಕಾಗಲ್ಲ. ಜೊತೆಗೆ ಟೋಕಿಯೊ-ಒಸಾಕಾ ಒಂದು ಸಲ ಹೋಗಿ ಬಂದರೇ ಸಾವಿರ ಕಿಮೀ ಮೇಲೆ. ವಯಸ್ಸನ್ನು ವರ್ಷದಲ್ಲಿ ಎಣಿಸಬೇಡ, ಕಿಲೋಮೀಟರಿನಲ್ಲಿ ಎಣಿಸು.

ಅರಸೀಕೆರೆ_ಜಂಕ್ಷನ್:
ಅಜ್ಜಾರೇ, ಈ ಒಂದು ಪೋಸ್ಟಿಗೇ ನಾನು ಈ ವೇದಿಕೆಗೆ ಬರೋದು.

ಸುರಂಗದ ವಿಷಯ ಬಂತು, ಹೇಳಿಬಿಡುತ್ತೇನೆ. ಪ್ರಯೋಗಕ್ಕೆ ಅಂತ 1962ರಲ್ಲಿ ಒದಾವಾರಾ ಹತ್ತಿರ ಕಾಮೊನೊಮಿಯಾದಲ್ಲಿ ಸುಮಾರು 30 ಕಿಮೀ ಹಳಿ ಮೊದಲೇ ಸಿದ್ಧ ಮಾಡಿಕೊಂಡರು. ಎರಡು ಡಬ್ಬಿಯದ್ದು ಒಂದು, ನಾಲ್ಕು ಡಬ್ಬಿಯದ್ದು ಒಂದು, ಹೀಗೆ ಎರಡು ಪ್ರಯೋಗದ ರೈಲು. 1963ರ ಮಾರ್ಚ್ 30ಕ್ಕೆ 256 ಕಿಮೀ ಮುಟ್ಟಿದರು. ಅಲ್ಲಿ ಸುರಂಗಕ್ಕೆ ಹೊಕ್ಕಾಗಲೇ ಕಿವಿ ನೋವಿನ ತೊಂದರೆ ಗೊತ್ತಾಗಿದ್ದು. ಘಾಟಿ ಇಳಿಯುವಾಗ ಕಿವಿ ಗುಂಯ್ ಅನ್ನುತ್ತದಲ್ಲ, ಅದು ಒಂದೇ ಸೆಕೆಂಡಿನಲ್ಲಿ ಆದ ಹಾಗೆ. ಅದಕ್ಕೇ ಡಬ್ಬಿಯನ್ನು ಗಾಳಿ ಆಡದ ಹಾಗೆ ಮುಚ್ಚಿದ್ದು. ಸುರಂಗ ಬಂದಾಗ ಗಾಳಿ ಕಿಂಡಿ ತಾನೇ ಮುಚ್ಚಿಕೊಳ್ಳುವ ಹಾಗೆ ಮಾಡಿದರು.

ಆದರೆ ಮೊದಮೊದಲ ಡಬ್ಬಿಗಳಲ್ಲಿ ಜನ ಕೂರುವ ಜಾಗವನ್ನು ಮಾತ್ರ ಮುಚ್ಚಿದ್ದರು. ಪಾಯಿಖಾನೆ ಅದರ ಹೊರಗೆ ಉಳಿಯಿತು. ಒಳಗಿದ್ದವರ ಗ್ರಹಚಾರ! ರೈಲು ಸುರಂಗಕ್ಕೆ ನುಗ್ಗಿದ ಕೂಡಲೇ ಕೆಳಗಿನ ನೀರು ಮೇಲಕ್ಕೆ ಚಿಮ್ಮುತ್ತಿತ್ತು. ಆಮೇಲೆ ಅದನ್ನೂ ಸೇರಿಸಿ ಮುಚ್ಚಿದರು.

ಸುಮ್ನೆ_ಕೇಳ್ದೆ:
ಊಟದ ಹೊತ್ತಲ್ಲಿ ಓದಬಾರದಿತ್ತು 😂

ಕಿಟಕಿಸೀಟು:
ಅಮ್ಮನಿಗೆ ಓದಿ ಹೇಳಿದೆ, ನಕ್ಕು ನಕ್ಕು ಸುಸ್ತಾದರು. ಅವರದೊಂದು ಪ್ರಶ್ನೆ: "ಅಷ್ಟು ದೊಡ್ಡ ಮೂಗಿನೊಳಗೆ ಏನಿದೆ?"

ಅರಸೀಕೆರೆ_ಜಂಕ್ಷನ್:
ಅಮ್ಮನಿಗೆ ನಮಸ್ಕಾರ ಹೇಳಿ. ಮೂಗಿನ ತುದಿಯ ಗುಂಡು ಮುಚ್ಚಳ ತೆಗೆದರೆ ಒಳಗೆ ಕಪ್ಲರ್ ಇದೆ. ರೈಲು ನಡುದಾರಿಯಲ್ಲಿ ಕೆಟ್ಟು ನಿಂತರೆ ಇನ್ನೊಂದು ರೈಲು ಬಂದು ಅದಕ್ಕೆ ಕೊಂಡಿ ಹಾಕಿ ಎಳೆಯಬೇಕಲ್ಲ, ಅದಕ್ಕೆ. ಮೊದಲಿನ ರೈಲುಗಳಲ್ಲಿ ಆ ಮುಚ್ಚಳ ಬೆಳಕು ಹಾಯುವ ಅಕ್ರಿಲಿಕ್‌ನದ್ದು. ರಾತ್ರಿ ಹೆಡ್‌ಲೈಟ್ ಬೆಳಕು ಬಿದ್ದು ಮೂಗು ಮಿನುಗುತ್ತಿತ್ತು. ಚಂದ ಏನೋ ಇತ್ತು, ಆದರೆ ಹಕ್ಕಿ ಬಡಿದರೆ ಒಡೆಯುತ್ತಿತ್ತು. ಆಮೇಲೆ ಗಟ್ಟಿ ಫೈಬರಿನದ್ದು ಹಾಕಿದರು.

ಅಲ್ಲಿನ ಜನ ಇದನ್ನು ದಾಂಗೊ ಮೂಗು ಅಂತ ಕರೆಯುತ್ತಾರೆ. ದಾಂಗೊ ಅಂದರೆ ಅಕ್ಕಿ ಹಿಟ್ಟಿನ ಉಂಡೆ. ಮಂಗಳೂರು ಕಡೆಯವರಿಗೆ ಪುಂಡಿ ಅಂದರೆ ಸಾಕು.

ಹಿರೋಷಿಮಾ_ಕನ್ನಡತಿ:
ಪುಂಡಿ ಮೂಗು! ಇನ್ನು ಮುಂದೆ ನಾನು ಹಾಗೇ ಕರೆಯೋದು.

ನಾನು ಇದರಲ್ಲಿ ಓಡಾಡಿದವಳು. 2007-08ರಲ್ಲಿ ಯಜಮಾನರ ಕೆಲಸ ಹಿರೋಷಿಮಾದಲ್ಲಿ, ವಾರಕ್ಕೊಮ್ಮೆ ನಾನು ಭಾಷೆಯ ತರಗತಿಗೆ ಕೊದಾಮಾ ಹತ್ತಿ ಹೋಗುತ್ತಿದ್ದೆ. ಕೊದಾಮಾ ಅಂದರೆ ನಮ್ಮ ಪ್ಯಾಸೆಂಜರ್ ಗಾಡಿ ಇದ್ದ ಹಾಗೆ, ಎಲ್ಲ ಸ್ಟೇಷನ್ನಲ್ಲೂ ನಿಲ್ಲುತ್ತದೆ. ಆ ಹೊತ್ತಿಗೆ ಇವು ಆರೇ ಡಬ್ಬಿಯ ಮುದಿ ರೈಲುಗಳು. ಆದರೆ ಸೀಟು ಮಾತ್ರ ರಾಜಾ ಸೀಟು. ಈ ಕಡೆ ಎರಡು, ಆ ಕಡೆ ಎರಡು, ಅಗಲ. ಸಣ್ಣ ಸ್ಟೇಷನ್ನಿನಲ್ಲಿ ಐದಾರು ನಿಮಿಷ ಸುಮ್ನೆ ನಿಲ್ಲುತ್ತಿತ್ತು. ಪಕ್ಕದ ಹಳಿಯಲ್ಲಿ ಅತಿ ವೇಗದ ನೊಝೊಮಿ ರೈಲು ಹಾದು ಹೋಗುವಾಗ ಇಡೀ ಡಬ್ಬಿ ಒಮ್ಮೆ ಧಡ್ ಅಂತ ಅಲುಗುತ್ತಿತ್ತು. ನನ್ನ ಬಾಟಲಿಯ ಚಹಾದಲ್ಲಿ ಅಲೆ ಏಳುತ್ತಿತ್ತು. ಎದುರಿಗೆ ಕೂತ ಅಜ್ಜಿ ಕಣ್ಣೂ ಬಿಡದೆ ನಿದ್ದೆ ಮಾಡುತ್ತಿದ್ದರು.

2008ರಲ್ಲಿ ಉಳಿದಿದ್ದ ಆರು ಡಬ್ಬಿಯ ರೈಲುಗಳಿಗೆ ಮತ್ತೆ ಹಳೇ ಬಿಳಿ-ನೀಲಿ ಬಣ್ಣ ಬಳಿದರು. ಮುದುಕರಿಗೆ ಷಷ್ಟ್ಯಬ್ದಿಯಲ್ಲಿ ಹೊಸ ಪಂಚೆ ಉಡಿಸಿದ ಹಾಗೆ. ನವೆಂಬರ್ 30ಕ್ಕೆ ದಿನದ ಓಡಾಟ ನಿಂತಿತು. ಡಿಸೆಂಬರ್ 14ಕ್ಕೆ ಕೊನೆಯ ವಿಶೇಷ ಹಿಕಾರಿ (ಕಡಿಮೆ ಸ್ಟೇಷನ್ನಿನಲ್ಲಿ ನಿಲ್ಲುವ ವೇಗದ ಗಾಡಿ) ಶಿನ್-ಒಸಾಕಾದಿಂದ ಹಕಾತಾಗೆ ಹೋಯ್ತು. ಹಿರೋಷಿಮಾ ಪ್ಲಾಟ್‌ಫಾರ್ಮ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನನಗೆ ಕಂಡಿದ್ದು ಎತ್ತಿ ಹಿಡಿದ ಕ್ಯಾಮೆರಾಗಳ ನಡುವೆ ಒಂದು ತುಂಡು ನೀಲಿ ಪಟ್ಟಿ, ಅಷ್ಟೇ.

ಸುಮ್ನೆ_ಕೇಳ್ದೆ:
ಅಕ್ಕ, ಚೆನ್ನಾಗಿ ಬರೆದಿರಿ. ಆದರೂ ಒಂದು ತಕರಾರು. ಜಗತ್ತಿನ ಮೊದಲ ವೇಗದ ರೈಲು ಇದು ಅಂತ ಎಲ್ಲರೂ ಹೇಳೋದು ಸರಿನಾ? ಇಟಲಿಯ ಇಟಿಆರ್ 200 ಅನ್ನುವ ರೈಲು 1939ರಲ್ಲೇ 203 ಕಿಮೀ ಓಡಿತ್ತು. ಫ್ರಾನ್ಸ್‌ನವರು 1955ರಲ್ಲೇ 331 ಮುಟ್ಟಿದ್ದರು. ಜಪಾನ್ 1964ರಲ್ಲಿ 210ಕ್ಕೆ ಇಷ್ಟು ಜಂಬ ಯಾಕೆ?

ಅರಸೀಕೆರೆ_ಜಂಕ್ಷನ್:
ಅಂಕಿ ಎರಡೂ ಸರಿ. ಆದರೆ ಇಟಲಿಯದ್ದು ಒಂದು ದಿನದ ದಾಖಲೆ ಓಟ. ಫ್ರಾನ್ಸ್‌ನದ್ದೂ ಹಾಗೇ, ಎರಡು ದಿನದಲ್ಲಿ ಎರಡು ಇಂಜಿನ್, ಹಿಂದೆ ಮೂರೇ ಡಬ್ಬಿ. ಆ ಓಟದಲ್ಲಿ ಹಳಿ ಹಾವಿನ ಹಾಗೆ ಡೊಂಕಾದ ಫೋಟೋ ನೋಡಿರಬಹುದು. ಜಪಾನಿನದ್ದು ದಿನಾ ಬೆಳಿಗ್ಗೆ 6ಕ್ಕೆ ಶುರು, ಟಿಕೆಟ್ ತೆಗೆದುಕೊಂಡ ಯಾರು ಬೇಕಾದರೂ ಹತ್ತಬಹುದು. 1967ರ ಜುಲೈ ಹೊತ್ತಿಗೇ 10 ಕೋಟಿ ಜನ ಓಡಾಡಿದ್ದರು. ಪಂದ್ಯದಲ್ಲಿ ಒಂದು ಸಲ ನೂರು ಹೊಡೆಯೋದಕ್ಕೂ ಹತ್ತು ವರ್ಷ ತಂಡದಲ್ಲಿ ಉಳಿಯೋದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಮತ್ತೆ ಮೊದಲ ವರ್ಷ 210 ಇದ್ದರೂ ಪೂರ್ತಿ ಬಳಸಲಿಲ್ಲ. ಹೊಸದಾಗಿ ಹಾಕಿದ ಮಣ್ಣಿನ ದಿಬ್ಬ ಕೂರಬೇಕಿತ್ತು. ಹಾಗಾಗಿ 1964ರ ಅಕ್ಟೋಬರ್ 1ಕ್ಕೆ ಶುರುವಾದಾಗ ಹಿಕಾರಿಗೆ 4 ಗಂಟೆ, ಕೊದಾಮಾಗೆ 5 ಗಂಟೆ. 1965ರ ನವೆಂಬರ್‌ನಿಂದ 3 ಗಂಟೆ 10 ನಿಮಿಷ. ಅದಕ್ಕೆ ಮುಂಚೆ ಹಳೇ ಹಳಿಯಲ್ಲಿ ಅತಿ ವೇಗದ ರೈಲಿಗೂ ಆರೂವರೆ ಗಂಟೆ ಬೇಕಿತ್ತು.

ವರ್ಕ್‌ಶಾಪ್_ಅಜ್ಜ:
ಹಳೇ ಹಳಿ ಅಂದರೆ 1,067 ಮಿಲಿಮೀಟರ್ ಅಗಲದ್ದು. ನಮ್ಮ ಮೀಟರ್ ಗೇಜ್‌ಗಿಂತ ಒಂದು ಗೇಣೂ ಜಾಸ್ತಿ ಇಲ್ಲ. ಬೆಂಗಳೂರು-ಹುಬ್ಬಳ್ಳಿ ಮೀಟರ್ ಗೇಜ್ ಕಾಲದಲ್ಲಿ ರಾತ್ರಿಯಿಡೀ ತೂಗುತ್ತಾ ಹೋದವರಿಗೆ ಗೊತ್ತು, ಅದರ ಮೇಲೆ 200 ಕನಸಿನ ಮಾತು. ಅದಕ್ಕೇ ಹೊಸದಾಗಿ 1,435ರ ಹಳಿ ಹಾಕಿದ್ದು. ತಿರುವು ಸಾಮಾನ್ಯವಾಗಿ 2,500 ಮೀಟರ್ ತ್ರಿಜ್ಯಕ್ಕಿಂತ ಬಿಗಿ ಇಲ್ಲ ಅನ್ನುವ ಹಾಗೆ, ಲೆವೆಲ್ ಕ್ರಾಸಿಂಗ್ ಒಂದೂ ಇಲ್ಲ. (ಹಳಿಗೆ ಹಾಗೆ ಪ್ರತ್ಯೇಕ ದಾರಿ ಕೊಡದೆ ರೈಲನ್ನು ಮಾತ್ರ ಹೊಸದು ತಂದರೆ ಏನಾಗುತ್ತದೆ ಅಂತ ನಾನು ಹೇಳಬೇಕಾ?)

ಇನ್ನೊಂದು, ಇದಕ್ಕೆ ಇಂಜಿನ್ ಇಲ್ಲ. ಎಲ್ಲ ಡಬ್ಬಿಯ ಎಲ್ಲ ಅಚ್ಚಿಗೂ (ಎರಡು ಗಾಲಿ ಜೋಡಿಸುವ ದಂಡ) ಮೋಟರ್. ಒಂದೊಂದು 185 ಕಿಲೋವ್ಯಾಟ್. 12 ಡಬ್ಬಿ, 48 ಅಚ್ಚು, ಗುಣಿಸಿದರೆ 8,880 ಕಿಲೋವ್ಯಾಟ್. ಲಾಭ ಏನು? ಭಾರ ಹಂಚಿಹೋಗುತ್ತದೆ. ನಮ್ಮ ಡಬ್ಲ್ಯೂಎಪಿ-7 ಇಂಜಿನ್ 123 ಟನ್, ಆರು ಅಚ್ಚು, ಒಂದೊಂದಕ್ಕೆ 20 ಟನ್ ಮೇಲೆ ಬೀಳುತ್ತದೆ. ಇದರಲ್ಲಿ ಸುಮಾರು 16. ಜಪಾನಿನಲ್ಲಿ ಮೆತ್ತಗಿನ ನೆಲ, ಹೆಜ್ಜೆಗೊಂದು ಸೇತುವೆ. ಆ ನಾಲ್ಕು ಟನ್ ವ್ಯತ್ಯಾಸ ಸಣ್ಣದಲ್ಲ. ಬ್ರೇಕ್ ಹಾಕುವಾಗಲೂ ಎಲ್ಲ ಮೋಟರ್ ಸೇರಿ ಹಿಡಿಯುತ್ತವೆ. ಗಾಲಿಗೆ ಕಬ್ಬಿಣ ಒತ್ತಿ ನಿಲ್ಲಿಸುವ ಕೆಲಸ ವೇಗ ಇಳಿದ ಮೇಲೆ ಮಾತ್ರ.

ಅರಸೀಕೆರೆ_ಜಂಕ್ಷನ್:
ಅಜ್ಜಾರು ಹೇಳಿದ "ಇಂಜಿನ್ ಇಲ್ಲ" ಅನ್ನೋದನ್ನು ಹಿಡಿದು ನಿಂತವರು ಮುಖ್ಯ ಇಂಜಿನಿಯರ್ ಹಿದೆಒ ಶಿಮಾ. ಅವರ ಅಪ್ಪ ಯಾಸುಜಿರೊ ಶಿಮಾ ಕೂಡ ರೈಲ್ವೆಯವರೇ, ಯುದ್ಧದ ಮುಂಚಿನ ಬುಲೆಟ್ ಟ್ರೈನ್ ಯೋಜನೆಯಲ್ಲಿದ್ದವರು. ಆ ಯೋಜನೆಗೆ ಅಂತ 1941ರಲ್ಲಿ ಶಿನ್-ತಾನ್ನಾ ಸುರಂಗ ಕೊರೆಯಲು ಶುರುಮಾಡಿ 1943ರಲ್ಲಿ ನಿಲ್ಲಿಸಿದ್ದರು. 1959ರ ಏಪ್ರಿಲ್ 20ಕ್ಕೆ ಹೊಸ ಮಾರ್ಗದ ಗುದ್ದಲಿಪೂಜೆ ಮಾಡಿದ್ದು ಅದೇ ಸುರಂಗದ ಬಾಯಲ್ಲಿ. ಅಪ್ಪ ಬಿಟ್ಟ ಬಾವಿಯಲ್ಲಿ ಮಗ ನೀರು ತಂದ.

ಯುದ್ಧ ಮುಗಿದು ಕೆಲಸ ಹೋದ ಸೇನೆಯ ಇಂಜಿನಿಯರುಗಳು ರೈಲ್ವೆ ಸಂಶೋಧನಾಲಯಕ್ಕೆ ಬಂದು ಸೇರಿದ್ದರು. ತಾದಾನಾವೊ ಮಿಕಿ ಬಾಂಬರ್ ವಿಮಾನ ವಿನ್ಯಾಸ ಮಾಡಿದವರು, ಅವರು ಡಬ್ಬಿಯ ಆಕಾರ ಹಿಡಿದರು. ತಾದಾಶಿ ಮಾತ್ಸುದಾಯಿರಾ ಜೀರೊ ಯುದ್ಧವಿಮಾನದ ನಡುಕ ಬಿಡಿಸಿದವರು, ಅವರು ಬೋಗಿಯ ನಡುಕ ಹಿಡಿದರು. ಹಾಜಿಮೆ ಕಾವಾನಾಬೆ ಸೇನೆಯಲ್ಲಿ ಸಿಗ್ನಲ್ ನೋಡಿದವರು, ಅವರಿಂದ ಎಟಿಸಿ ಬಂತು. 200ರ ವೇಗದಲ್ಲಿ ದಾರಿ ಬದಿಯ ಸಿಗ್ನಲ್ ದೀಪ ಚಾಲಕನ ಕಣ್ಣಿಗೆ ನಿಲ್ಲುವುದೇ ಇಲ್ಲ. ಅದಕ್ಕೆ 210, 160, 110, 70, 30 ಅಂತ ವೇಗದ ಮಿತಿಯನ್ನು ಕ್ಯಾಬಿನ್ ಒಳಗೇ ತೋರಿಸಿ, ಮೀರಿದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ.

1957ರ ಮೇ 30ಕ್ಕೆ ಈ ಮೂವರೂ ಇನ್ನೂ ಕೆಲವರ ಜೊತೆ ಟೋಕಿಯೊದ ಗಿಂಝಾದಲ್ಲಿ ಯಮಾಹಾ ಹಾಲ್‌ನಲ್ಲಿ ಜನರ ಮುಂದೆ ಭಾಷಣ ಮಾಡಿದರು. ಟೋಕಿಯೊ-ಒಸಾಕಾ 3 ಗಂಟೆಯಲ್ಲಿ ಹೋಗಬಹುದು ಅಂದರು. ಆಗ ರೈಲು ಅಂದರೆ ಮುಗಿದ ಕಥೆ, ಇನ್ನೇನಿದ್ದರೂ ವಿಮಾನ ಮತ್ತು ಹೆದ್ದಾರಿ ಅನ್ನುವ ಕಾಲ.

ಕಾಸು_ಲೆಕ್ಕ:
ದುಡ್ಡಿನ ಕಥೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನನಗೆ ಇದರಲ್ಲಿ ಹಿಡಿಸಿದ್ದೇ ಅದು.

ಶಿಂಜಿ ಸೋಗೊ ಅಂತ ಜಪಾನ್ ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷರು. 1955ರಲ್ಲಿ ಆ ಕುರ್ಚಿಗೆ ಬಂದಾಗ ವಯಸ್ಸು 71. ನಮ್ಮಲ್ಲಾದರೆ ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ವಯಸ್ಸು. 1951ರಲ್ಲಿ ಸಾಕುರಾಗಿಚೊ ಸ್ಟೇಷನ್ನಿನಲ್ಲಿ ರೈಲಿಗೆ ಬೆಂಕಿ ಬಿದ್ದು ನೂರಕ್ಕೂ ಜಾಸ್ತಿ ಜನ ಸತ್ತರು. ಆ ವರ್ಷವೇ ಶಿಮಾ ರೈಲ್ವೆ ಬಿಟ್ಟಿದ್ದರು. ಅವರನ್ನು ವಾಪಸ್ ಕರೆತಂದಿದ್ದು ಈ ಮುದುಕರೇ.

ನಿಜವಾದ ಖರ್ಚು ಹೇಳಿದರೆ ಸಂಸತ್ತು ಒಪ್ಪಲ್ಲ ಅಂತ ಸೋಗೊಗೆ ಗೊತ್ತಿತ್ತು. ಹಾಗಾಗಿ ಸುಮಾರು 20 ಸಾವಿರ ಕೋಟಿ ಯೆನ್ ಅಂತ ತೋರಿಸಿದರು. ಕೊನೆಗೆ ಆಗಿದ್ದು 38 ಸಾವಿರ ಕೋಟಿ. ಸರ್ಕಾರ ನಡುವೆ ಕೈ ಎತ್ತಬಾರದಲ್ಲ, ಅದಕ್ಕೊಂದು ಉಪಾಯ. 1961ರಲ್ಲಿ ವಿಶ್ವಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲ ತೆಗೆದುಕೊಂಡರು. ಆಗಿನ ದರದಲ್ಲಿ 2,880 ಕೋಟಿ ಯೆನ್, ಒಟ್ಟು ಖರ್ಚಿನಲ್ಲಿ ನೂರಕ್ಕೆ ಎಂಟೂ ಇಲ್ಲ. ದುಡ್ಡಿಗಿಂತ ಆ ಸಹಿ ಮುಖ್ಯ. ವಿಶ್ವಬ್ಯಾಂಕಿಗೆ ಮಾತು ಕೊಟ್ಟ ಮೇಲೆ ಮಂತ್ರಿ ಬದಲಾದರೂ ಕೆಲಸ ನಿಲ್ಲಿಸೋ ಹಾಗಿಲ್ಲ. ಬ್ಯಾಂಕಿನವರು ಪ್ರಯೋಗಕ್ಕೆಲ್ಲ ಸಾಲ ಕೊಡಲ್ಲ ಅಂದರೆ, ಶಿಮಾ "ಇದರಲ್ಲಿ ಹೊಸ ಪ್ರಯೋಗ ಏನೂ ಇಲ್ಲ, ಎಲ್ಲ ಈಗಾಗಲೇ ಗೊತ್ತಿರುವುದನ್ನೇ ಜೋಡಿಸಿದ್ದೇವೆ" ಅನ್ನುವ ವಾದ ಇಟ್ಟರು. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಖರ್ಚು ಹೊರಗೆ ಬಿತ್ತು, 1963ರಲ್ಲಿ ಸೋಗೊ ಹೋಗಬೇಕಾಯ್ತು. ಅವರ ಹಿಂದೆಯೇ ಶಿಮಾ ಕೂಡ ಹೊರಟರು. 1964ರ ಅಕ್ಟೋಬರ್ 1ರ ಬೆಳಿಗ್ಗೆ ಟೋಕಿಯೊ ಸ್ಟೇಷನ್ನಿನಲ್ಲಿ ರಿಬ್ಬನ್ ಕತ್ತರಿಸಿದ್ದು ಹೊಸ ಅಧ್ಯಕ್ಷರು. ಶಿಮಾ ಅದನ್ನು ಮನೆಯಲ್ಲಿ ಟಿವಿಯಲ್ಲಿ ನೋಡಿದರು.

ಕಿಟಕಿಸೀಟು:
ಅಯ್ಯೋ. ಮದುವೆ ಗೊತ್ತುಮಾಡಿದವರನ್ನೇ ಊಟಕ್ಕೆ ಕರೆಯದ ಹಾಗಾಯ್ತು.

ಅರಸೀಕೆರೆ_ಜಂಕ್ಷನ್:
ಈಗ ಟೋಕಿಯೊ ಸ್ಟೇಷನ್ನಿನ 18-19ನೇ ಪ್ಲಾಟ್‌ಫಾರ್ಮ್ ತುದಿಯಲ್ಲಿ ಸೋಗೊ ಅವರ ಮುಖದ ಫಲಕ ಇದೆ. ಮೇಲೆ ಹೇಳಿದ ಸೈಜೊ ಮ್ಯೂಸಿಯಂ ಇರುವುದೂ ಅವರ ಕಾರಣಕ್ಕೇ, ಅವರು ಆ ಊರಿನ ಮೇಯರ್ ಆಗಿದ್ದವರು. ಕಿಟಕಿಸೀಟು ಅವರೇ, ನಿಮ್ಮ ಡಬ್ಬಿಯ ಜೋಡಿ ಅಲ್ಲಿ ಯಾಕೆ ಇದೆ ಅಂತ ಈಗ ಗೊತ್ತಾಯ್ತಾ?

ಹಿರೋಷಿಮಾ_ಕನ್ನಡತಿ:
ನಾನು ಕೂತ ಡಬ್ಬಿಯ ಕಿಟಕಿ ಚಿಕ್ಕದು, ಒಂದು ಸಾಲಿಗೆ ಒಂದು. ಮ್ಯೂಸಿಯಂನ ಫೋಟೋದಲ್ಲಿ ಎರಡು ಸಾಲಿಗೊಂದು ದೊಡ್ಡ ಕಿಟಕಿ. ಹೊಸದರಲ್ಲಿ ಯಾಕೆ ಚಿಕ್ಕದು ಮಾಡಿದರು? ಸಾಮಾನ್ಯವಾಗಿ ದೊಡ್ಡದಾಗಬೇಕಲ್ವಾ?

ವರ್ಕ್‌ಶಾಪ್_ಅಜ್ಜ:
ಒಳ್ಳೇ ಪ್ರಶ್ನೆ ಮೇಡಂ. ಸೆಕಿಗಾಹಾರಾ ಅಂತ ಒಂದು ಜಾಗ, ಅಲ್ಲಿ ಚಳಿಗಾಲದಲ್ಲಿ ಹಿಮ ಜಾಸ್ತಿ. ಓಡುವ ರೈಲಿನ ತಳಕ್ಕೆ ಹಿಮ ಮೆತ್ತಿಕೊಂಡು ಗಡ್ಡೆ ಆಗುತ್ತದೆ. ಮುಂದೆ ಬಿಸಿ ಜಾಗಕ್ಕೆ ಬಂದಾಗ ಆ ಗಡ್ಡೆ ಕಳಚಿ 200ರ ವೇಗದಲ್ಲಿ ಜಲ್ಲಿಗೆ ಬೀಳುತ್ತದೆ. ಜಲ್ಲಿ ಗುಂಡಿನ ಹಾಗೆ ಹಾರಿ ಗಾಜಿಗೆ, ತಳದ ಸಾಮಾನಿಗೆ ಬಡಿಯುತ್ತದೆ. ಕಾರಿನ ಗಾಜಿಗೆ ಕಲ್ಲು ಸಿಡಿದವರಿಗೆ ಗೊತ್ತು. ದೊಡ್ಡ ಗಾಜು ಒಡೆದರೆ ಬದಲಿಸುವ ಕೆಲಸ ದೊಡ್ಡದು, ಖರ್ಚೂ ದೊಡ್ಡದು. 1976ರಿಂದ ಬಂದ ಸಾವಿರದ ಸಂಖ್ಯೆಯ ಡಬ್ಬಿಗಳಲ್ಲಿ ಕಿಟಕಿ ಚಿಕ್ಕದು. ಯಾರ್ಕ್‌ನದ್ದು ಆ ಸಂಖ್ಯೆಯದ್ದಲ್ಲ, ಅದಕ್ಕೆ ದೊಡ್ಡ ಕಿಟಕಿ. ಹಳಿಗೂ ನೀರು ಸಿಂಪಡಿಸುವ ಪೈಪ್ ಹಾಕಿದರು, ಹಿಮ ಒದ್ದೆಯಾದರೆ ಹಾರುವುದಿಲ್ಲ. ಎಲ್ಲಕ್ಕಿಂತ ಹಳೇ ಮದ್ದು, ಅಲ್ಲಿ ನಿಧಾನ ಹೋಗು ಅನ್ನೋದು.

ಸುಮ್ನೆ_ಕೇಳ್ದೆ:
ಹಾಗಾದರೆ ಕಲ್ಲು ಬಡಿದು ಕಿಟಕಿ ಚಿಕ್ಕದಾಯ್ತು, ಸುರಂಗಕ್ಕೆ ಲೋಹ ದಣಿಯಿತು. ಆದರೂ 22 ವರ್ಷ ಅದೇ ಮಾದರಿ! ಹೊಸ ವಿನ್ಯಾಸ ಮಾಡೋಕೆ ಬರುತ್ತಿರಲಿಲ್ವಾ?

ಅರಸೀಕೆರೆ_ಜಂಕ್ಷನ್:
ಇದೇ ನನಗೆ ಇಷ್ಟದ ಭಾಗ. ಬರುತ್ತಿತ್ತು. ಆದರೆ ಯಾವ ಡಬ್ಬಿ ಕೆಟ್ಟರೂ ಇನ್ನೊಂದನ್ನು ತಂದು ಅದೇ ರೇಕಿಗೆ ಸೇರಿಸಬಹುದು ಅನ್ನುವ ಅನುಕೂಲ ದೊಡ್ಡದು. ಎರಡೆರಡು ಡಬ್ಬಿ ಸೇರಿ ಒಂದು ಘಟಕ. ಹಳೇ ಘಟಕ ತೆಗೆ, ಹೊಸದು ಸೇರಿಸು. ಒಂದೇ ರೈಲಿನಲ್ಲಿ ಒಂದು ಡಬ್ಬಿ 1969ರದ್ದು, ಪಕ್ಕದ್ದು 1977ರದ್ದು ಇರಬಹುದಿತ್ತು. ಅದಕ್ಕೇ ನೋಡೋಕೆ ಬದಲಾಗಬಾರದಿತ್ತು. ಮನೆಯ ಮಂಗಳೂರು ಹೆಂಚು ಒಡೆದಾಗ ಅದೇ ಅಚ್ಚಿನದ್ದು ಹುಡುಕುತ್ತೇವಲ್ಲ, ಹಾಗೆ. ಬೇರೆ ಅಚ್ಚು ಕೂರುವುದಿಲ್ಲ.

ಇದರ ಜೊತೆ ಬೇಡಿಕೆಯೂ ಏರುತ್ತಾ ಹೋಯ್ತು. 1970ರ ಒಸಾಕಾ ಎಕ್ಸ್‌ಪೊಗೆ ಹಿಕಾರಿ 16 ಡಬ್ಬಿ ಆಯ್ತು. 1972ರಲ್ಲಿ ಒಕಾಯಾಮಾವರೆಗೆ, 1975ರ ಮಾರ್ಚ್ 10ಕ್ಕೆ ಹಕಾತಾವರೆಗೆ ಮಾರ್ಗ ಬೆಳೆಯಿತು. ನಿಂತು ಹೊಸದು ಯೋಚಿಸೋಕೆ ಪುರುಸೊತ್ತು ಎಲ್ಲಿ? ಆ ಅವಸರದ ಫಲ ಹಳಿಗೂ ತಟ್ಟಿತು. 70ರ ದಶಕದ ನಡುವಿನಿಂದ ಕೆಲವು ದಿನ ಅರ್ಧ ದಿನ ರೈಲು ನಿಲ್ಲಿಸಿ ಹಳಿ, ವಿದ್ಯುತ್ ತಂತಿ ಎಲ್ಲ ಬದಲಿಸಬೇಕಾಯ್ತು. 100 ಸರಣಿ ಬಂದಿದ್ದು 1985ರಲ್ಲಿ. ಟೋಕಿಯೊ ಕಡೆಯಿಂದ ಸೊನ್ನೆ ಸರಣಿ ಹೊರಟಿದ್ದು 1999ರ ಸೆಪ್ಟೆಂಬರ್ 18ಕ್ಕೆ.

ಕಾಸು_ಲೆಕ್ಕ:
ಹೊಗಳಿಕೆ ಜಾಸ್ತಿ ಆಯ್ತು. ನಗೋಯಾದ ಜನರನ್ನೂ ನೆನೆಸಿಕೊಳ್ಳಿ. ಮನೆಗಳ ಪಕ್ಕದಲ್ಲೇ ಎತ್ತರದ ಹಳಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಸದ್ದು, ನಡುಕ. 1974ರಲ್ಲಿ ಕೋರ್ಟಿಗೆ ಹೋದರು, ರಾಜಿ ಆಗಿದ್ದು 1986ರಲ್ಲಿ. ಅಂದರೆ ಆ ಕೇಸು 12 ವರ್ಷ ನಡೆಯಿತು. ಮುಂದೆ ಜಪಾನಿನ ರೈಲುಗಳ ಮೂಗು ಉದ್ದವಾಗಿದ್ದು ವೇಗಕ್ಕಷ್ಟೇ ಅಲ್ಲ, ಸದ್ದು ತಗ್ಗಿಸೋಕೂ ಹೌದು.

ಹಳಿ ತಪ್ಪಿ, ಡಿಕ್ಕಿ ಹೊಡೆದು ಪ್ರಯಾಣಿಕರು ಸತ್ತ ದಾಖಲೆ ಶಿಂಕಾನ್ಸೆನ್‌ಗೆ ಇಲ್ಲ, ಅದು ನಿಜ. ಆದರೆ "ಒಂದು ಸಾವೂ ಇಲ್ಲ" ಅಂತ ಫಾರ್ವರ್ಡ್ ಮಾಡುವವರು 1995ರ ಡಿಸೆಂಬರ್ 27 ನೆನಪಿಡಬೇಕು. ಮಿಶಿಮಾ ಸ್ಟೇಷನ್ನಿನಲ್ಲಿ ಇದೇ ಸೊನ್ನೆ ಸರಣಿಯ ಕೊದಾಮಾದ ಬಾಗಿಲಿಗೆ ಕೈ ಸಿಕ್ಕಿ ಒಬ್ಬ ಶಾಲಾ ಹುಡುಗ ಪ್ರಾಣ ಕಳೆದುಕೊಂಡ.

ಹಿರೋಷಿಮಾ_ಕನ್ನಡತಿ:
ಹೌದು. ಅಲ್ಲಿ ಪ್ಲಾಟ್‌ಫಾರ್ಮ್‌ನಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಓಡಬೇಡಿ ಅಂತ ಎಷ್ಟು ಸಲ ಹೇಳುತ್ತಾರೆ ಅಂದರೆ, ಭಾಷೆ ಬಾರದ ನನಗೂ ಮೊದಲು ಬಾಯಿಪಾಠ ಆಗಿದ್ದು ಆ ವಾಕ್ಯವೇ.

ಸುಮ್ನೆ_ಕೇಳ್ದೆ:
ಈಗ ನಮ್ಮ ಬೆಂಗಳೂರಿನಲ್ಲೇ ಬಿಇಎಂಎಲ್ 280 ಕಿಮೀ ವೇಗಕ್ಕೆ ವಿನ್ಯಾಸ ಮಾಡಿದ ಎರಡು ರೈಲು ಕಟ್ಟುತ್ತಿದೆಯಲ್ಲ, 2024ರ ಅಕ್ಟೋಬರ್‌ನಲ್ಲಿ 866.87 ಕೋಟಿಯ ಆರ್ಡರ್ ಸಿಕ್ಕಿದ್ದು. ಅದರಲ್ಲೂ ಎಲ್ಲ ಅಚ್ಚಿಗೆ ಮೋಟರ್ ಇರುತ್ತಾ?

ನಿರ್ವಾಹಕರು:
ಬಿಇಎಂಎಲ್ ರೈಲಿಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಕೇಳಿ. ಹೋದ ಸಲ ವಂದೇ ಭಾರತ್ ಮಾತು ಶುರುವಾಗಿ ಎಳೆ ಎಲ್ಲಿಗೆ ಹೋಯ್ತು ಅಂತ ಎಲ್ಲರಿಗೂ ನೆನಪಿದೆ.

ವರ್ಕ್‌ಶಾಪ್_ಅಜ್ಜ:
ನಿರ್ವಾಹಕರು ಬೈಯುವ ಮುಂಚೆ ಒಂದೇ ಸಾಲು: ವಂದೇ ಭಾರತ್‌ನಲ್ಲಿ ಅರ್ಧ ಡಬ್ಬಿಗೆ ಮೋಟರ್. ಮುಗಿಯಿತು.

ಕಿಟಕಿಸೀಟು:
ಎಲ್ಲರಿಗೂ ಥ್ಯಾಂಕ್ಸ್. ಒಂದು ಫಲಕ ಓದಿ ಕೇಳಿದ್ದಕ್ಕೆ ಇಷ್ಟು ಸಿಕ್ಕಿತು. ಅಮ್ಮನ ಕೊನೆಯ ಪ್ರಶ್ನೆ: ಊಟ ಸಿಗುತ್ತಿತ್ತಾ? (ಅವರಿಗೆ ರೈಲು ಅಂದರೆ ಮದ್ದೂರು ವಡೆ.)

ಅರಸೀಕೆರೆ_ಜಂಕ್ಷನ್:
ಶುರುವಿನಲ್ಲಿ ಬಫೆ ಡಬ್ಬಿ ಇತ್ತು, ಕಿಟಕಿ ಕಡೆ ಮುಖ ಮಾಡಿ ತಿಂಡಿ ತಿನ್ನೋದು. ಅಲ್ಲಿ ಗೋಡೆಗೊಂದು ಸ್ಪೀಡೋಮೀಟರ್ ಹಾಕಿದ್ದರು. ಮುಳ್ಳು 210 ಮುಟ್ಟೋದನ್ನು ನೋಡೋಕೇ ಜನ ಎದ್ದು ಬರುತ್ತಿದ್ದರು. ಪೂರ್ತಿ ಊಟದ ಡಬ್ಬಿ ಬಂದಿದ್ದು 1974ರಲ್ಲಿ. ಅದರಲ್ಲೊಂದು ಎಡವಟ್ಟು. ಓಡಾಡುವ ದಾರಿಯನ್ನು ಬೆಟ್ಟದ ಕಡೆ ಇಟ್ಟು ನಡುವೆ ಗೋಡೆ ಕಟ್ಟಿಬಿಟ್ಟರು. ಊಟಕ್ಕೆ ಕೂತವರಿಗೆ ಸಮುದ್ರದ ಕಡೆ ಮಾತ್ರ ಕಾಣುತ್ತದೆ, ಫುಜಿ ಪರ್ವತ ಗೋಡೆಯ ಆಚೆ! ಜನ ಗೊಣಗಿದರು. 1979ರಿಂದ ಆ ಗೋಡೆಗೇ ಕಿಟಕಿ ಕೊರೆದರು.

ಹಿರೋಷಿಮಾ_ಕನ್ನಡತಿ:
ಮುಂದಿನ ತಿಂಗಳು ನಾವು ಕ್ಯೋಟೊಗೆ ಹೋಗುತ್ತಿದ್ದೇವೆ. ಅಲ್ಲಿನ ರೈಲ್ವೆ ಮ್ಯೂಸಿಯಂನಲ್ಲಿ ಮೊದಲ ರೇಕಿನ ನಾಲ್ಕು ಡಬ್ಬಿ ಇವೆ, 21-1ರಿಂದ ಶುರು. ಕಿಟಕಿಸೀಟು ಅವರೇ, ನೀವು ಕೇಳಿದ 1964ರ ರೈಲು ಅದೇ. ಬಫೆ ಡಬ್ಬಿ 35-1 ಕೂಡ ಅದರಲ್ಲಿದೆ. ಫೋಟೋ ಹಾಕುತ್ತೇನೆ.

ಕಿಟಕಿಸೀಟು:
ಹಾಕಿ ಅಕ್ಕ. ಆ ಸ್ಪೀಡೋಮೀಟರ್ ಇನ್ನೂ ಇದ್ದರೆ ಮುಳ್ಳು ಎಲ್ಲಿ ನಿಂತಿದೆ ಅಂತ ಅಮ್ಮ ನೋಡಬೇಕಂತೆ.

ವರ್ಕ್‌ಶಾಪ್_ಅಜ್ಜ:
ಸೊನ್ನೆಯಲ್ಲೇ ಇರುತ್ತದೆ. ಇಲ್ಲದಿದ್ದರೆ ನನಗೆ ಹೇಳಿ, ರಿಪೇರಿಗೆ ಬರುತ್ತೇನೆ.